ಸೀಲಿಂಗಿಗೆ ಲಕ್ಷ, ಗೋಡೆಗೆ ಮೊಳೆ

ನಮಸ್ಕಾರ. ಇವತ್ತು ಜಗಳ ತೆಗೆಯಬೇಕೆಂದೇ ಕುಳಿತಿದ್ದೇನೆ. ಜಗಳ ಮನುಷ್ಯರ ಜೊತೆ ಅಲ್ಲ, ಫಾಲ್ಸ್ ಸೀಲಿಂಗ್ ಜೊತೆ.

ಬೆಂಗಳೂರಿನ ಯಾವುದಾದರೂ ಹೊಸ ಫ್ಲ್ಯಾಟಿನ ಗೃಹಪ್ರವೇಶಕ್ಕೆ ಹೋಗಿ ನೋಡಿ. ಊಟ ಚೆನ್ನಾಗಿಯೇ ಇರುತ್ತದೆ, ಅದರ ಬಗ್ಗೆ ತಕರಾರಿಲ್ಲ. ಕೈತೊಳೆದು ಹಾಲಿಗೆ ಬಂದಿರೋ, ಮನೆಯವರು ಸ್ವಿಚ್ ಬೋರ್ಡಿನ ಪಕ್ಕ ನಿಂತು ಒಂದೊಂದೇ ಗುಂಡಿ ಒತ್ತತೊಡಗುತ್ತಾರೆ. ಜಿಪ್ಸಂ ಅಂಚಿನ ಒಳಗಿನಿಂದ ನೀಲಿ, ನಡುವಿನ ಚೌಕದಿಂದ ಬಿಳಿ, ಸುತ್ತಲೂ ಸಾಲಾಗಿ ಸ್ಪಾಟ್ ಲೈಟುಗಳು, ಊಟದ ಮೇಜಿನ ಮೇಲೆ ಗಾಜಿನ ಗೊಂಚಲು ದೀಪ. ಬಂದವರೆಲ್ಲ ಕತ್ತೆತ್ತಿ ‘ಆಹಾ’ ಎನ್ನುತ್ತಾರೆ. ಗೋಡೆಯ ಕಡೆ ನೋಡುವವರು ಯಾರು? ಅಲ್ಲಿ ಆನ್‌ಲೈನಿನಲ್ಲಿ ತರಿಸಿದ ಏಳು ಬಿಳಿ ಕುದುರೆಗಳು ಓಡುತ್ತಿರುತ್ತವೆ. ಪಕ್ಕದ ಮನೆಯಲ್ಲೂ ಅವೇ ಏಳು, ವಾಸ್ತು ಹೇಳಿದ ದಿಕ್ಕಿಗೇ ಮುಖ ಮಾಡಿಕೊಂಡು.

ನನ್ನ ವಾದ ಇಷ್ಟೇ. ಮನೆಯ ಅಲಂಕಾರಕ್ಕೆಂದು ತೆಗೆದಿಟ್ಟ ದುಡ್ಡಿನಲ್ಲಿ ಮೊದಲ ಪಾಲು ಒಂದು ನಿಜವಾದ ಚಿತ್ರಕ್ಕೆ ಹೋಗಬೇಕು. ಎರಡನೆಯ ಪಾಲು ಆ ಚಿತ್ರವನ್ನು ಕಾಣಿಸುವ ದೀಪಕ್ಕೆ. ಮಿಕ್ಕರೆ ಸೀಲಿಂಗಿಗೆ. ನಾವು ಇದನ್ನು ತಲೆಕೆಳಗು ಮಾಡಿದ್ದೇವೆ.

ಚಿತ್ರಕ್ಕೂ ಬೆಳಕಿಗೂ ಇರುವ ನಂಟನ್ನು ನೋಡಬೇಕಾದರೆ ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಕೈಯಲ್ಲಿ ದೀಪ ಹಿಡಿದು ನಿಂತ ಹೆಣ್ಣುಮಗಳ ಚಿತ್ರವನ್ನು ನೀವೂ ನೋಡಿರುತ್ತೀರಿ, ಕ್ಯಾಲೆಂಡರಿನಲ್ಲಾದರೂ. ರವಿವರ್ಮ ಬರೆದದ್ದು ಎಂದು ಈಗಲೂ ಹಲವರು ನಂಬಿದ್ದಾರೆ. ಅಲ್ಲ, ಅದು ಎಸ್. ಎಲ್. ಹಲ್ದಣಕರ್ ಅವರದು, 1940ರ ದಶಕದಲ್ಲಿ ತಮ್ಮ ಮಗಳನ್ನೇ ಎದುರಿಗೆ ನಿಲ್ಲಿಸಿಕೊಂಡು ಬರೆದ ಜಲವರ್ಣ. ಗಾಳಿಗೆ ಆರದಂತೆ ಆಕೆ ದೀಪಕ್ಕೆ ಅಡ್ಡ ಹಿಡಿದ ಅಂಗೈಯ ಬೆರಳುಗಳು ಕೆಂಪಾಗಿ ಹೊಳೆಯುತ್ತವೆ. ಅದನ್ನು ಸುತ್ತ ಮಬ್ಬಿರುವ ಕಡೆ ಇಟ್ಟು ತೋರಿಸುತ್ತಾರೆ. ಚಿತ್ರದ ಹಿಂದೆ ಬಲ್ಬು ಇಟ್ಟಿದ್ದಾರೇನೋ ಎಂದು ಇಣುಕಿ ನೋಡುವ ಪ್ರವಾಸಿಗರೂ ಉಂಟು. ಕಾಗದದ ಬಿಳುಪು, ಸುತ್ತ ಬಳಿದ ಕಪ್ಪು, ಕೋಣೆಯ ಮಬ್ಬು, ಇಷ್ಟರಲ್ಲೇ ಆ ದೀಪ ಉರಿಯುತ್ತಿದೆ. ಅದೇ ಚಿತ್ರವನ್ನು ತಂದು ನಮ್ಮ ಗೃಹಪ್ರವೇಶದ ಹಾಲಿನಲ್ಲಿ ನೇತುಹಾಕಿದರೆ ಆರಿಹೋಗುತ್ತದೆ, ಗಾಳಿಯೇ ಬೇಕಿಲ್ಲ.

ಮೈಸೂರು ಶೈಲಿಯ ಸಾಂಪ್ರದಾಯಿಕ ಚಿತ್ರದ ಕಥೆಯೂ ಇದೇ. ಮಕ್ಕಿ ಸಫೇದ ಎಂಬ, ಬಿಳಿ ಪುಡಿಗೆ ಅಂಟು ಬೆರೆಸಿದ ಮಿಶ್ರಣದಿಂದ ಆಭರಣ, ಕಿರೀಟ, ಮಂಟಪಗಳನ್ನು ತೆಳುವಾಗಿ ಉಬ್ಬಿಸಿ, ಅದರ ಮೇಲೆ ಚಿನ್ನದ ರೇಕು ಅಂಟಿಸುತ್ತಾರೆ. ತಂಜಾವೂರು ಚಿತ್ರಗಳಲ್ಲಿ ಉಬ್ಬು ದಪ್ಪ, ಮೇಲೆ ಕಲ್ಲುಗಳೂ ಇರುತ್ತವೆ. ಮೈಸೂರಿನದು ಮೆಲುದನಿಯ ಕೆಲಸ. ಕೂದಲೆಳೆಯಷ್ಟು ಎತ್ತರದ ಆ ಕುಸುರಿ ಕಾಣಬೇಕಾದರೆ ಬೆಳಕು ಓರೆಯಾಗಿ ಬೀಳಬೇಕು, ಹಳದಿ ಛಾಯೆಯದಾಗಿರಬೇಕು. ಎದುರಿನಿಂದ ಬಿಳಿ ಬೆಳಕು ರಾಚಿದರೆ ಚಿನ್ನ ಹಿತ್ತಾಳೆಯಾಗುತ್ತದೆ, ಕುಸುರಿ ಸಪಾಟಾಗುತ್ತದೆ, ಗಾಜಿನಲ್ಲಿ ನಿಮ್ಮದೇ ಮುಖ ಕಾಣುತ್ತದೆ. ತಿಂಗಳುಗಟ್ಟಲೆ ಕುಳಿತು ಒಬ್ಬರು ಮಾಡಿದ ಕೆಲಸಕ್ಕೆ ಈ ಗತಿ.

ನಮಗೆ ಬಿಳಿ ಬೆಳಕಿನ ಮೋಹ ಯಾಕೆ ಬಂತು ಎಂಬುದು ಅರ್ಥವಾಗುತ್ತದೆ. ಹತ್ತಿಸಿದ ಕೂಡಲೇ ಇಡೀ ಕೋಣೆ ಬೆಳಗುವ ಟ್ಯೂಬ್‌ಲೈಟ್, ಬುಡ್ಡಿ ದೀಪದಲ್ಲಿ ಓದಿದ ತಲೆಮಾರಿಗೆ ದೊಡ್ಡ ಸಂಗತಿ. ಎಲ್‌ಇಡಿ ಬಂದ ಮೇಲೂ ಅಂಗಡಿಯವರು ಕೇಳದೆಯೇ ಕೊಡುವುದು 6500 ಕೆಲ್ವಿನ್‌ನ ಬಲ್ಬನ್ನೇ. ಕೆಲ್ವಿನ್ ಎಂದರೆ ಬೆಳಕಿನ ಛಾಯೆಯ ಅಳತೆ, ಅಂಕಿ ಇಳಿದಷ್ಟೂ ಬೆಳಕು ಹಳದಿ. 6500 ಅಚ್ಚಬಿಳಿ. ಆಸ್ಪತ್ರೆಗೆ ಅದು ಸರಿ, ಅಡುಗೆಮನೆಯ ಕಟ್ಟೆಗೂ ಸರಿ. ಹಾಲಿಗೆ 2700 ಅಥವಾ 3000 ಎಂದು ಬರೆದ ಡಬ್ಬವನ್ನು ಕೇಳಿ ಪಡೆಯಿರಿ. ಬಲ್ಬು ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದಕ್ಕೆ ಸಿಆರ್‌ಐ ಎಂಬ ಅಂಕಿ ಇದೆ. ಚಿತ್ರದ ಮೇಲಿನ ದೀಪಕ್ಕೆ ಅದು 90ಕ್ಕಿಂತ ಕಡಿಮೆ ಇರಬಾರದು. ಸಾಮಾನ್ಯ ಬಲ್ಬಿನದು 80ರ ಆಸುಪಾಸು, ಅದರಲ್ಲಿ ಕುಂಕುಮದ ಕೆಂಪು ಮಂಕಾಗುತ್ತದೆ.

ಇನ್ನು ದೀಪದ ಜಾಗ. ಸ್ಪಾಟ್ ಲೈಟುಗಳನ್ನು ಗೋಡೆಯಿಂದ ದೂರ, ನೆಲಕ್ಕೆ ನೇರವಾಗಿ ಕೂರಿಸುವುದು ನಮ್ಮಲ್ಲಿ ರೂಢಿ. ಪರಿಣಾಮವಾಗಿ ಟೈಲ್ಸ್ ಝಗಝಗಿಸುತ್ತದೆ. ನೆಲಕ್ಕೆ ಯಾಕೆ ಅಷ್ಟು ಮರ್ಯಾದೆ? ಚಿತ್ರಕ್ಕೆ ಬೀಳುವ ಬೆಳಕು ಲಂಬರೇಖೆಯಿಂದ ಸುಮಾರು 30 ಡಿಗ್ರಿ ಓರೆಯಲ್ಲಿ ಇರಬೇಕು. ಸೀಲಿಂಗಿನ ಎತ್ತರ 9 ಅಡಿ, ಚಿತ್ರದ ನಡುಭಾಗ 5 ಅಡಿಯಲ್ಲಿದ್ದರೆ, ದೀಪ ಗೋಡೆಯಿಂದ ಹೆಚ್ಚುಕಡಿಮೆ ಎರಡೂಕಾಲು ಅಡಿ ಆಚೆ ಬರುತ್ತದೆ. ತಿರುಗಿಸಲು ಬರುವ ದೀಪವಾದರೆ ಇನ್ನೂ ಒಳ್ಳೆಯದು. ಒಂದು ಚಿತ್ರಕ್ಕೆ ಐದಾರು ವ್ಯಾಟ್ ಧಾರಾಳವಾಯಿತು. ಇದನ್ನೆಲ್ಲ ಪ್ಲಾಸ್ಟರಿಂಗ್ ಆಗುವ ಮೊದಲೇ, ವೈರಿನ ಪೈಪು ಕೂರಿಸುವ ದಿನವೇ ಎಲೆಕ್ಟ್ರಿಷಿಯನ್‌ಗೆ ಹೇಳಬೇಕು. ಗೋಡೆಯ ಈ ಜಾಗದಲ್ಲಿ ಚಿತ್ರ ಬರುತ್ತದೆ, ಇಲ್ಲಿಗೊಂದು ಪಾಯಿಂಟ್ ಕೊಡಿ, ಅದಕ್ಕೆ ಬೇರೆ ಸ್ವಿಚ್ ಇರಲಿ ಎಂದು. ಯಾವ ಚಿತ್ರ ಎಂದು ಅವರು ಕೇಳುತ್ತಾರೆ. ಉತ್ತರ ಇಟ್ಟುಕೊಂಡಿರಿ.

ವಿದೇಶಿ ಪತ್ರಿಕೆಗಳ ಒಳಾಂಗಣ ವಿನ್ಯಾಸದ ಪುಟಗಳಲ್ಲಿ ಇಲ್ಲದ ಒಂದು ವಸ್ತು ನಮ್ಮ ಹಾಲಿನಲ್ಲಿದೆ: ಫ್ಯಾನು. ಫ್ಯಾನಿನ ರೆಕ್ಕೆಗಳಿಗಿಂತ ಮೇಲೆ ಸ್ಪಾಟ್ ಲೈಟು ಕೂರಿಸಿದರೆ ಇಡೀ ಕೋಣೆ ಮಿಣುಕುತ್ತದೆ, ತಲೆನೋವು ಖಚಿತ. ಗೊಂಚಲು ದೀಪವೋ, ಗಾಳಿಗೆ ತೂಗಾಡಿ ಕಿಣಿಕಿಣಿ ಎನ್ನುತ್ತದೆ. ಗೊಂಚಲು ದೀಪ ಬೇಕೇ ಬೇಕು ಎನ್ನುವವರು ಫ್ಯಾನಿನಿಂದ ದೂರ, ಊಟದ ಮೇಜಿಗಿಂತ 75ರಿಂದ 90 ಸೆಂಟಿಮೀಟರ್ ಮೇಲೆ ಇಳಿಬಿಡಿ. ಸೀಲಿಂಗಿಗೆ ಅಂಟಿಸಿದ ಗೊಂಚಲು ದೀಪ ಯಾರಿಗೂ ಬೆಳಕು ಕೊಡುವುದಿಲ್ಲ, ಧೂಳು ಮಾತ್ರ ಕೂಡಿಡುತ್ತದೆ.

ಹಳೆಯ ಮನೆಗಳಲ್ಲಿ ರವಿವರ್ಮನ ಮುದ್ರಿತ ಚಿತ್ರಗಳನ್ನೂ ಹಿರಿಯರ ಫೋಟೊಗಳನ್ನೂ ತೊಲೆಯ ಕೆಳಗೆ, ಮುಂದಕ್ಕೆ ಬಾಗಿಸಿ ತಂತಿಯಲ್ಲಿ ನೇತುಹಾಕುತ್ತಿದ್ದರು. ನಗಬೇಡಿ, ಬಾಗಿದ ಗಾಜು ಬಾಗಿಲಿನಿಂದ ಬರುವ ಬೆಳಕನ್ನು ನೆಲಕ್ಕೆ ತಿರುಗಿಸುತ್ತದೆ, ಕೆಳಗೆ ಚಾಪೆಯ ಮೇಲೆ ಕುಳಿತವರಿಗೆ ಮುಖ ಸ್ಪಷ್ಟವಾಗಿ ಕಾಣುತ್ತದೆ. ನಾವು ಎತ್ತರವನ್ನು ಮಾತ್ರ ಉಳಿಸಿಕೊಂಡು, ಬಾಗುವಿಕೆಯನ್ನು ಬಿಟ್ಟಿದ್ದೇವೆ. ಸೋಫಾದ ಕಾಲದಲ್ಲಿ ಚಿತ್ರದ ನಡುಭಾಗ ನೆಲದಿಂದ 145–150 ಸೆಂಟಿಮೀಟರಿಗೆ ಇಳಿಯಲಿ. ಜಲವರ್ಣವನ್ನು ಮಾತ್ರ ಪಶ್ಚಿಮದ ಕಿಟಕಿಯ ಎದುರು ಹಾಕಬೇಡಿ; ಬಿಸಿಲಿಗೆ ಹೋದ ಬಣ್ಣ ಮರಳಿ ಬರುವುದಿಲ್ಲ.

ಚಿತ್ರ ಕೊಳ್ಳುವುದು ಶ್ರೀಮಂತರ ಚಟ ಎಂಬ ಮಾತು ಕೇಳುತ್ತಿರುತ್ತೇನೆ. ಒಂದು ಕೋಣೆಯ ಜಿಪ್ಸಂ ಕೆಲಸದ ಬಿಲ್ಲನ್ನು ಎದುರಿಗಿಟ್ಟುಕೊಂಡು ಈ ಮಾತು ಹೇಳಿ ನೋಡೋಣ. ಜನವರಿಯಲ್ಲಿ ಒಂದು ಭಾನುವಾರ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತು ಚಿತ್ರಸಂತೆ ನಡೆಸುತ್ತದೆ. ಸಾವಿರಕ್ಕೂ ಹೆಚ್ಚು ಕಲಾವಿದರು ರಸ್ತೆಯ ಬದಿಯಲ್ಲೇ ಕುಳಿತಿರುತ್ತಾರೆ, ಬರೆದವರ ಕೈಯಿಂದಲೇ ಕೊಳ್ಳಬಹುದು. ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ಹೋದರೆ ದೀವರ ಸಮುದಾಯದ ಹೆಣ್ಣುಮಕ್ಕಳ ಹಸೆ ಚಿತ್ತಾರವಿದೆ: ಕೆಮ್ಮಣ್ಣಿನ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆಗಳು, ಪುಂಡಿ ನಾರಿನ ಕುಂಚ. ಗೋಡೆಯ ಕಲೆ ಈಗ ಚೌಕಟ್ಟಿನೊಳಗೂ ಬಂದಿದೆ. ಅದಕ್ಕೆ ಗಾಜು ಬೇಡ, ಸ್ಪಾಟ್ ಲೈಟೂ ಬೇಡ, ಪಕ್ಕದ ಮೂಲೆಯಲ್ಲೊಂದು ನಿಲುವು ದೀಪ ಸಾಕು.

ಚಿತ್ರ, ದೀಪ ಎರಡಕ್ಕೂ ದುಡ್ಡಿಲ್ಲ ಎನ್ನುವವರಿಗೆ ತೊಗಲು ಗೊಂಬೆಯ ದಾರಿ ಇದೆ. ಹದ ಮಾಡಿದ ತೊಗಲು ಬೆಳಕನ್ನು ತನ್ನೊಳಗಿಂದ ಹಾಯಿಸುತ್ತದೆ. ಬಣ್ಣ ಹಚ್ಚಿ, ಉಳಿಯಿಂದ ತೂತು ಕೊರೆದ ಗೊಂಬೆ ಪರದೆಯ ಮೇಲೆ ಜೀವ ತಳೆಯುವುದೇ ಹಿಂದಿನ ದೀಪದಿಂದ. ಗಡಿಯಾಚೆ ಆಂಧ್ರದ ಧರ್ಮಾವರದ ಹತ್ತಿರದ ನಿಮ್ಮಲಕುಂಟೆಯ ಕಲಾವಿದರು ಅದೇ ತೊಗಲಿನಲ್ಲಿ ದೀಪದ ಮುಸುಕುಗಳನ್ನು ಮಾಡುತ್ತಾರೆ, ಬೆಂಗಳೂರಿನ ಕರಕುಶಲ ಮೇಳಗಳಲ್ಲೂ ಸಿಗುತ್ತವೆ. ಚಿತ್ರವೂ ಅದೇ, ದೀಪವೂ ಅದೇ. ಬಾಡಿಗೆ ಮನೆಯವರಿಗೆ ಇದಕ್ಕಿಂತ ಅನುಕೂಲ ಬೇರೆ ಇಲ್ಲ. ಮೊಳೆ ಹೊಡೆಯಬಾರದು ಎಂದು ಮಾಲೀಕರು ಕರಾರಿನಲ್ಲಿ ಬರೆಸಿಕೊಂಡಿದ್ದರೂ ಮೇಜಿನ ಮೇಲೆ ದೀಪ ಇಡಬಾರದು ಎಂದು ಬರೆಸಿಕೊಂಡಿರುವುದಿಲ್ಲ. ಒಳಗೆ ಎಲ್‌ಇಡಿಯನ್ನೇ ಹಾಕಿ, ಹಳೆಯ ತಂತಿ ಬಲ್ಬಿನ ಕಾವಿಗೆ ತೊಗಲು ಸುರುಟಿಕೊಳ್ಳುತ್ತದೆ.