ಲಿಂಕ್ ಕೊಡಿ, ಆ್ಯಪ್ ಆಮೇಲೆ ನೋಡೋಣ

ಎಲ್ಲರಿಗೂ ನಮಸ್ಕಾರ. ಹಿಂದೆ ನಿಂತಿರುವವರು ದಯವಿಟ್ಟು ಮುಂದೆ ಬನ್ನಿ, ಮೊದಲೆರಡು ಸಾಲು ಖಾಲಿ ಇದೆ. ನಾನೇನು ಎಬ್ಬಿಸಿ ಪ್ರಶ್ನೆ ಕೇಳುವುದಿಲ್ಲ. ನವೆಂಬರ್ ಬಂತು ಅಂದರೆ ಹೊರವರ್ತುಲ ರಸ್ತೆಯ ಆಫೀಸುಗಳಲ್ಲೆಲ್ಲ ಬಾವುಟ, ಡೊಳ್ಳು, ಆರ್ಕೆಸ್ಟ್ರಾ. ಈ ಸಲ ನಿಮ್ಮ ಕನ್ನಡ ಬಳಗದವರು, ವರ್ಷವಿಡೀ ಮಾಡುವ ಕೆಲಸದ ಬಗ್ಗೇನೂ ಕನ್ನಡದಲ್ಲಿ ಒಂದು ಮಾತು ಆಗಲಿ ಅಂದರು. ಖುಷಿಯಾಯಿತು. ಆದರೆ ಊಟಕ್ಕೆ ಮುಂಚಿನ ಸಮಯ ಕೊಟ್ಟಿದ್ದಾರೆ. ನಾನು ಬೇಗ ಮುಗಿಸುತ್ತೇನೆ ಅನ್ನೋ ಧೈರ್ಯ ಅವರಿಗೆ ಎಲ್ಲಿಂದ ಬಂತೋ ಗೊತ್ತಿಲ್ಲ.

ವಿಷಯ ಪ್ರೋಗ್ರೆಸಿವ್ ವೆಬ್ ಆ್ಯಪ್, ಅಂದರೆ ಪಿಡಬ್ಲ್ಯುಎ. ಲಿಂಕ್ ಒತ್ತಿದರೆ ಬ್ರೌಸರಲ್ಲೇ ತೆರೆದು, ಆ್ಯಪ್ ಥರ ಕೆಲಸ ಮಾಡುವ ವೆಬ್‌ಸೈಟು. ಹಿನ್ನೆಲೆಯಲ್ಲಿ ಓಡುತ್ತಾ ಪುಟದ ಕೋರಿಕೆಗಳನ್ನು ನೋಡಿಕೊಳ್ಳುವ ಸ್ಕ್ರಿಪ್ಟು ಸರ್ವಿಸ್ ವರ್ಕರ್, ಹೆಸರು, ಐಕಾನ್ ಹೇಳುವ ಫೈಲು ಮ್ಯಾನಿಫೆಸ್ಟ್, ಇದಕ್ಕಿಂತ ಉದ್ದಕ್ಕೆ ಈ ಹಾಲ್‌ನಲ್ಲಿ ವಿವರಿಸುತ್ತಾ ನಿಂತರೆ ನೀವೇ ನಗುತ್ತೀರಿ. ನಾನು ಹೇಳಲು ಬಂದಿರುವುದು ಒಂದೇ ಮಾತು. ಜನ ದಿನಾ ಬಳಸದ ಕೆಲಸಕ್ಕೆ ಅವರ ಫೋನಿಗೆ ಆ್ಯಪ್ ಹಾಕಿಸಬೇಡಿ. ಲಿಂಕ್ ಕೊಡಿ. ಆ ಲಿಂಕು ಗಟ್ಟಿಯಾಗಿರಲಿ, ನೆಟ್‌ವರ್ಕ್ ಹೋದರೂ ತೆರೆಯಲಿ.

ಈ ಮಾತು ಹೇಳಲು ಬೆಂಗಳೂರಿಗಿಂತ ಒಳ್ಳೆಯ ಜಾಗ ಇಲ್ಲ. 2015 ನೆನಪಿದೆಯಾ? ಕೆಲವರು ಆಗ ಇನ್ನೂ ಕಾಲೇಜಲ್ಲಿದ್ದಿರಿ. ಆ ವರ್ಷ ಮೇ ತಿಂಗಳಲ್ಲಿ ಮಿಂತ್ರಾ ತನ್ನ ವೆಬ್‌ಸೈಟನ್ನೇ ಮುಚ್ಚಿ, ಇನ್ನು ಆ್ಯಪ್ ಮಾತ್ರ ಅಂದಿತು. ಫ್ಲಿಪ್‌ಕಾರ್ಟ್ ಕೂಡ ಮೊಬೈಲ್ ಸೈಟಿಗೆ ಬಂದವರನ್ನು ಆ್ಯಪ್ ಕಡೆಗೆ ತಳ್ಳುತ್ತಿತ್ತು. ವೆಬ್ ಕಥೆ ಮುಗೀತು ಅಂತ ಕೋರಮಂಗಲದ ಪ್ರತಿ ಕಾಫಿ ಟೇಬಲ್ಲಿನಲ್ಲೂ ಮಾತು. ಅದೇ ವರ್ಷ ಅತ್ತ ಫ್ರಾನ್ಸಸ್ ಬೆರಿಮನ್ ಅನ್ನೋ ಡಿಸೈನರ್ ಮತ್ತು ಕ್ರೋಮ್ ತಂಡದ ಅಲೆಕ್ಸ್ ರಸೆಲ್ ಸೇರಿ ಆ್ಯಪ್ ಥರ ನಡೆಯುವ ವೆಬ್‌ಸೈಟುಗಳಿಗೆ ಪ್ರೋಗ್ರೆಸಿವ್ ವೆಬ್ ಆ್ಯಪ್ ಅಂತ ಹೆಸರಿಟ್ಟರು. ನವೆಂಬರ್‌ನಲ್ಲಿ ಫ್ಲಿಪ್‌ಕಾರ್ಟ್ ಲೈಟ್ ಅನ್ನೋ ಅಂಥದ್ದೇ ವೆಬ್ ಆ್ಯಪ್ ಬಂತು. ಅಂದರೆ ಬಾಗಿಲು ಹಾಕಿದ ಕಂಪನಿಯೇ ಅದೇ ವರ್ಷ ಬಾಗಿಲು ತೆಗೆಯಿತು. ಹೊಸ ಸೈಟಿಗೆ ಡೇಟಾ ಖರ್ಚು ಮೂರನೇ ಒಂದು ಪಾಲು, ಸೈಟಿನ ಐಕಾನನ್ನು ಫೋನಿನ ಹೋಮ್ ಸ್ಕ್ರೀನಿಗೆ ಹಾಕಿಕೊಂಡು ಅಲ್ಲಿಂದ ಬಂದವರಲ್ಲಿ ಖರೀದಿ ಶೇ 70 ಜಾಸ್ತಿ ಅಂತ ಗೂಗಲ್ ಪ್ರಕಟಿಸಿತು. ಈ 70ರ ಬಗ್ಗೆ ಸ್ವಲ್ಪ ಹುಷಾರು. ಹೋಮ್ ಸ್ಕ್ರೀನಿಗೆ ಹಾಕಿಕೊಳ್ಳುವವರು ಮೊದಲೇ ಆ ಅಂಗಡಿಯ ಕಾಯಂ ಗಿರಾಕಿಗಳು. ಅವರು ಜಾಸ್ತಿ ಕೊಳ್ಳದೆ ಇನ್ಯಾರು ಕೊಳ್ಳುತ್ತಾರೆ? ಡೇಟಾ ಲೆಕ್ಕ ಮಾತ್ರ ನನಗೆ ಪೂರ್ತಿ ಒಪ್ಪಿಗೆ. 2016ರಲ್ಲಿ ಮಿಂತ್ರಾ ಕೂಡ ವೆಬ್‌ಸೈಟ್ ವಾಪಸ್ ತಂದಿತು. 2017ರಲ್ಲಿ ಓಲಾ ಮಾಡಿದ ವೆಬ್ ಆ್ಯಪ್ ಸುಮಾರು 200 ಕೆಬಿ ಇತ್ತು. ಇವತ್ತು ವಾಟ್ಸಾಪಲ್ಲಿ ಬರುವ ಒಂದು ಗುಡ್ ಮಾರ್ನಿಂಗ್ ಫೋಟೋ ಸುಮಾರು ಅಷ್ಟಿರುತ್ತದೆ.

ಗುಡ್ ಮಾರ್ನಿಂಗ್ ಫೋಟೋ ಅಂದ ಕೂಡಲೇ ನಮ್ಮ ಚಿಕ್ಕಮ್ಮ ನೆನಪಾದರು. ಈ ಕಥೆ ಚಿಕ್ಕದಾಗಿ ಹೇಳಬೇಕು ಅಂತಲೇ ಬಂದಿದ್ದೆ, ನೋಡೋಣ.

ಜಯನಗರದ ಕಡೆ ಒಂದು ಲ್ಯಾಬ್. ಹೆಸರು ಬೇಡ. ಚಿಕ್ಕಮ್ಮನ ಶುಗರ್ ಟೆಸ್ಟ್ ರಿಪೋರ್ಟ್ ತರಲು ಹೋಗಿದ್ದೆವು. ಕೌಂಟರಿನ ಹುಡುಗ, "ಈಗ ಪೇಪರ್ ಕೊಡಲ್ಲಮ್ಮ, ಆ್ಯಪ್ ಹಾಕೊಳ್ಳಿ, ಅದರಲ್ಲೇ ಬರುತ್ತೆ" ಅಂದ. ಸರಿ ಅಂತ ಹಾಕಲು ಹೋದರೆ ಫೋನಲ್ಲಿ ಜಾಗ ಇಲ್ಲ. ಏನಾದರೂ ಡಿಲೀಟ್ ಮಾಡಬೇಕು. ಗ್ಯಾಲರಿ ತೆಗೆದರೆ ಬರೀ ದೇವರು. ಮಂಗಳವಾರದ ಗಣಪತಿ, ಗುರುವಾರದ ರಾಯರು, ಶನಿವಾರದ ವೆಂಕಟೇಶ್ವರ. ನಾನು ಒಂದು ಗಣಪತಿ ಮೇಲೆ ಬೆರಳಿಟ್ಟೆ. "ಏಯ್, ಅದು ತೆಗೀಬೇಡ ಕಣೋ, ಸುಮ ಕಳಿಸಿದ್ದು." ಇನ್ನೊಂದು ಗಣಪತಿ. "ಅದೂ ಬೇಡ, ಅದಕ್ಕೆ ಹೂವಿನ ಅಲಂಕಾರ ಇದೆ." ಹಿಂದೆ ಸಾಲು ಬೆಳೆಯುತ್ತಿದೆ. ಕೊನೆಗೆ ಯಾರದೋ ಗೃಹಪ್ರವೇಶದ ವಿಡಿಯೋ ತ್ಯಾಗ ಮಾಡಿದರು. ಅದಕ್ಕೂ "ಅವರಿಗೆ ಹೇಳಬೇಡ" ಅಂತ ಮಾತು ತೆಗೆದುಕೊಂಡೇ ಬಿಟ್ಟರು. ಆ್ಯಪ್ ಇಳಿಯಿತು. ತೆರೆದರೆ ಲೊಕೇಶನ್ ಕೊಡಿ. ಕೊಟ್ಟೆವು. ಕಾಂಟ್ಯಾಕ್ಟ್ಸ್ ಕೊಡಿ. "ನನ್ನ ಶುಗರ್ ನೋಡಕ್ಕೆ ಇವರಿಗೆ ಪದ್ಮನ ನಂಬರ್ ಯಾಕೆ?" ಅಂದರು ಚಿಕ್ಕಮ್ಮ. ಪ್ರೈವಸಿ ಬಗ್ಗೆ ಇಷ್ಟು ನೇರವಾದ ಪ್ರಶ್ನೆ ನಾನು ಯಾವ ಕಾನ್ಫರೆನ್ಸಲ್ಲೂ ಕೇಳಿಲ್ಲ. ಆಮೇಲೆ ಓಟಿಪಿ. ಅದು ಹೋಗಿದ್ದು ಪುಣೆಯಲ್ಲಿರುವ ಮಗನ ನಂಬರಿಗೆ, ಅವನು ಮೀಟಿಂಗಲ್ಲಿ. ಇಷ್ಟೆಲ್ಲ ಆದ ಮೇಲೆ ಆ ಹುಡುಗನಿಗೇ ಪಾಪ ಅನ್ನಿಸಿ, "ಅಮ್ಮ, ವಾಟ್ಸಾಪಿಗೆ ಪಿಡಿಎಫ್ ಹಾಕ್ಲಾ?" ಅಂದ. ಹಾಕಿದ. ಒಂದೇ ನಿಮಿಷ. ಚಿಕ್ಕಮ್ಮ ಮೆಟ್ಟಿಲಿಳಿಯುವ ಮುಂಚೆ ಆ್ಯಪ್ ತೆಗೆಸಿದರು. "ನಾಳೆ ಬರೋ ಗಣಪತಿಗೆ ಜಾಗ ಬೇಕಲ್ಲಪ್ಪ."

ಆ ಆ್ಯಪ್ ಬರೆದವರು ನಮ್ಮಂಥವರೇ. ಕೆಲಸ ಬರದವರಲ್ಲ. ಅವರ ಮ್ಯಾನೇಜರ್ ತಲೆಯಲ್ಲಿ ಇದ್ದದ್ದು ಇನ್‌ಸ್ಟಾಲ್ ಸಂಖ್ಯೆ. ಚಿಕ್ಕಮ್ಮನೂ ಆ ಸಂಖ್ಯೆಯಲ್ಲಿ ಒಂದಾದರು, ಅಷ್ಟೇ. ವರ್ಷಕ್ಕೆ ಎರಡು ಸಲ ನೋಡುವ ರಿಪೋರ್ಟಿಗೆ ಮೊದಲು ಆ್ಯಪ್ ಹಾಕಿ ಅನ್ನೋದು, ಬಾಡಿಗೆ ಮನೆ ಒಳಗೆ ನೋಡುವುದಕ್ಕೆ ಮುಂಚೆ ಹತ್ತು ತಿಂಗಳ ಅಡ್ವಾನ್ಸ್ ಕಟ್ಟಿ ಅಂದ ಹಾಗೆ. ಈ ಊರಲ್ಲಿ ಅದನ್ನೂ ಕೇಳುತ್ತಾರೇನೋ, ಬಿಡಿ.

ಈಗ ಅದೇ ರಿಪೋರ್ಟನ್ನು ಲಿಂಕಲ್ಲಿ ಕೊಡುವುದು ಹೇಗೆ ನೋಡೋಣ. ಎಸ್ಸೆಮ್ಮೆಸ್ಸಲ್ಲಿ ಲಿಂಕ್ ಬರುತ್ತದೆ. ಮೊದಲ ಸಲ ತೆರೆದಾಗ ಪುಟ ಬಂದು, ಹಿಂದೆಯೇ ಸರ್ವಿಸ್ ವರ್ಕರ್ ನೋಂದಣಿ ಆಗುತ್ತದೆ. ಎಚ್‌ಟಿಟಿಪಿಎಸ್, ಅಂದರೆ ಸುರಕ್ಷಿತ ಸಂಪರ್ಕ, ಇರಲೇಬೇಕು, ಪರೀಕ್ಷೆಗೆ ನಿಮ್ಮದೇ ಕಂಪ್ಯೂಟರಲ್ಲಿ ಓಡಿಸುವ ಲೋಕಲ್‌ಹೋಸ್ಟಿಗೆ ಮಾತ್ರ ರಿಯಾಯಿತಿ. ಇನ್‌ಸ್ಟಾಲ್ ಇವೆಂಟಲ್ಲಿ, ಅಂದರೆ ಆ ವರ್ಕರ್ ಸಿದ್ಧವಾಗುವ ಹೊತ್ತಲ್ಲಿ, ಪುಟದ ಚೌಕಟ್ಟನ್ನು, ಅಂದರೆ ಎಚ್‌ಟಿಎಂಎಲ್, ಸಿಎಸ್‌ಎಸ್, ಒಂದು ಜಾವಾಸ್ಕ್ರಿಪ್ಟ್ ಫೈಲು, ಇಷ್ಟನ್ನು ಕ್ಯಾಶೆಗೆ, ಅಂದರೆ ಫೋನಲ್ಲೇ ಇರುವ ಉಗ್ರಾಣಕ್ಕೆ, ಹಾಕುತ್ತೀರಿ. ಮುಂದಿನ ಸಲದಿಂದ ಪ್ರತಿ ಕೋರಿಕೆಯೂ ಫೆಚ್ ಇವೆಂಟಾಗಿ ನಿಮ್ಮ ಕೈಗೆ ಬರುತ್ತದೆ, ಏನು ಮಾಡಬೇಕು ಅನ್ನೋದು ನಿಮ್ಮ ಇಷ್ಟ. ಚೌಕಟ್ಟು ಕ್ಯಾಶೆಯಿಂದಲೇ ಬರಲಿ. ರಿಪೋರ್ಟ್ ಮಾತ್ರ ಮೊದಲು ನೆಟ್‌ವರ್ಕಿಂದ ಕೇಳಲಿ, 3 ಸೆಕೆಂಡ್ ಕಾಯಲಿ, ಬರದಿದ್ದರೆ ಹಿಂದೆ ಇಟ್ಟುಕೊಂಡದ್ದನ್ನು ತೋರಿಸಿ, ಪಕ್ಕದಲ್ಲಿ "ಬೆಳಿಗ್ಗೆ 9:40ಕ್ಕೆ ತಂದದ್ದು" ಅಂತ ಬರೆಯಲಿ. ಆ ಒಂದು ಸಾಲು ಬರೆಯದೆ ಹಳೇ ಮಾಹಿತಿಯನ್ನು ಹೊಸದರ ಥರ ತೋರಿಸುವುದು ಮೋಸ.

3 ಸೆಕೆಂಡ್ ಯಾಕೆ ಅಂದರೆ, ನೆಟ್‌ವರ್ಕ್ ಇಲ್ಲದಿರುವುದು ದೊಡ್ಡ ತೊಂದರೆಯೇ ಅಲ್ಲ. ಇದ್ದೂ ಇಲ್ಲದ ಹಾಗೆ ಇರುವುದು ತೊಂದರೆ. ಮೆಟ್ರೋದಲ್ಲಿ ಕಬ್ಬನ್ ಪಾರ್ಕಿನಿಂದ ಮೆಜೆಸ್ಟಿಕ್ ಕಡೆ ಸುರಂಗದಲ್ಲಿ ಹೋಗುವಾಗ ನೋಡಿ, ಟವರ್ ಫುಲ್ ಅಂತ ತೋರಿಸುತ್ತಿರುತ್ತದೆ, ಚಕ್ರ ಮಾತ್ರ ತಿರುಗುತ್ತಲೇ ಇರುತ್ತದೆ. ಬ್ರೌಸರನ್ನು ಆನ್‌ಲೈನಾ ಅಂತ ಕೇಳಿದರೆ ಹೌದು ಅನ್ನುತ್ತದೆ. ಫೋನು ಯಾವುದೋ ಒಂದು ನೆಟ್‌ವರ್ಕಿಗೆ ಸೇರಿದೆ ಅಂತಷ್ಟೇ ಅದರ ಅರ್ಥ, ಡೇಟಾ ಬರುತ್ತದೆ ಅಂತ ಅಲ್ಲ. ಅದನ್ನು ನಂಬಿ ಕೋಡ್ ಬರೆಯಬೇಡಿ.

ಇನ್ನೆರಡು ಕಡೆ ಎಡವುತ್ತಾರೆ. ಹೊಸ ಸರ್ವಿಸ್ ವರ್ಕರ್ ಬಂದರೂ, ಹಳೆಯದರ ಟ್ಯಾಬ್‌ಗಳು ತೆರೆದಿರುವ ತನಕ ಅದು ಸುಮ್ನೆ ಕಾಯುತ್ತಾ ಕೂತಿರುತ್ತದೆ. ನೀವು ರೇಟ್ ಬದಲಾಯಿಸಿದ್ದೀರಿ, ಗಿರಾಕಿ ಹಳೇ ರೇಟ್ ನೋಡುತ್ತಿದ್ದಾರೆ. "ಹೊಸದು ಬಂದಿದೆ, ಒತ್ತಿ" ಅಂತ ಒಂದು ಬಟನ್ ಕೊಡಿ. ಇನ್ನೊಂದು, ನಮ್ಮಲ್ಲಿ ಒಂದೇ ಫೋನು ಮನೆಮಂದಿಯೆಲ್ಲ ಬಳಸುವುದು ಸಾಮಾನ್ಯ. ರಕ್ತದ ರಿಪೋರ್ಟ್ ಕ್ಯಾಶೆಯಲ್ಲಿ ಉಳಿದರೆ ಅದು ಯಾರ ಕಣ್ಣಿಗೆ ಬೀಳುತ್ತದೋ. ಲಾಗೌಟ್ ಆದಾಗ ಅದನ್ನು ಅಳಿಸುವುದು ನಿಮ್ಮ ಕೆಲಸ. ಬ್ರೌಸರ್ ತಾನಾಗಿ ಮಾಡಲ್ಲ.

ಹಿಂದಿನ ಸಾಲಲ್ಲಿ ಒಬ್ಬರು ಐಫೋನ್ ಎತ್ತಿ ತೋರಿಸುತ್ತಿದ್ದಾರೆ. ಬರುತ್ತೇನೆ ಸ್ವಾಮಿ, ಬರುತ್ತೇನೆ.

ತಮಾಷೆ ಏನು ಅಂದರೆ, ಮೊದಲು ಈ ಮಾತು ಹೇಳಿದ್ದೇ ಆ್ಯಪಲ್. 2007ರಲ್ಲಿ ಸ್ಟೀವ್ ಜಾಬ್ಸ್ ಡೆವಲಪರ್‌ಗಳಿಗೆ, ಐಫೋನಿಗೆ ಅದರ ಸಫಾರಿ ಬ್ರೌಸರಲ್ಲಿ ಓಡುವ ವೆಬ್ ಆ್ಯಪ್ ಬರೆಯಿರಿ, ಬೇರೇನೂ ಬೇಡ ಅಂದರು. ಮರುವರ್ಷ ಜುಲೈಗೆ ಆ್ಯಪ್ ಸ್ಟೋರ್ ತೆರೆಯಿತು, ಆ ಮಾತು ಅಲ್ಲಿಗೇ ನಿಂತಿತು. ಸಫಾರಿಗೆ ಸರ್ವಿಸ್ ವರ್ಕರ್ ಬಂದದ್ದು 2018ರ ಮಾರ್ಚಿನಲ್ಲಿ, ಐಒಎಸ್ 11.3ರ ಜೊತೆ. ಕ್ರೋಮ್‌ಗೆ ಬಂದು ಮೂರು ವರ್ಷ ಆದ ಮೇಲೆ. ಪುಶ್ ನೋಟಿಫಿಕೇಶನ್ 2023ರಲ್ಲಿ, ಐಒಎಸ್ 16.4ಕ್ಕೆ. ಅದೂ ಹೋಮ್ ಸ್ಕ್ರೀನಿಗೆ ಹಾಕಿಕೊಂಡರೆ ಮಾತ್ರ. ನಮ್ಮ ದೇಶದಲ್ಲಿ ಐಫೋನಿಗೆ ಕ್ರೋಮ್ ಹಾಕಿಕೊಂಡರೂ ಪುಟ ತೋರಿಸುವ ಎಂಜಿನ್ ಆಗಿ ಒಳಗೆ ಓಡುವುದು ಆ್ಯಪಲ್‌ನ ವೆಬ್‌ಕಿಟ್ಟೇ, ಹಾಗಾಗಿ ಬ್ರೌಸರ್ ಬದಲಾಯಿಸಿ ತಪ್ಪಿಸಿಕೊಳ್ಳಲು ಆಗಲ್ಲ. 2024ರ ಫೆಬ್ರವರಿಯಲ್ಲಿ ಯುರೋಪಿನ ಹೊಸ ಕಾನೂನು ನೆಪ ಹೇಳಿ ಆ್ಯಪಲ್‌ನವರು ಅಲ್ಲಿ ಹೋಮ್ ಸ್ಕ್ರೀನ್ ವೆಬ್ ಆ್ಯಪನ್ನೇ ತೆಗೆಯುತ್ತೇವೆ ಅಂದರು. ಗಲಾಟೆ ಆಯಿತು, ಮಾರ್ಚ್ 1ಕ್ಕೆ ಮಾತು ವಾಪಸ್. ಅಂದರೆ ಈ ವಿಷಯದಲ್ಲಿ ಡೆವಲಪರ್‌ಗಳು ಕೂಗಿದರೆ ಕೇಳಿಸುತ್ತದೆ, ಸುಮ್ಮನಿದ್ದರೆ ನಿಧಾನಕ್ಕೆ ಕತ್ತರಿಸುತ್ತಾರೆ.

ವೆಬ್ಬೇ ಗೆಲ್ಲುತ್ತದೆ ಅಂತ ಭವಿಷ್ಯ ಹೇಳಿದವರು ಹಿಂದೆಯೂ ಇದ್ದರು. 2014ರಲ್ಲಿ ಇಂಟೆಕ್ಸ್ ಕಂಪನಿ, ಫೈರ್‌ಫಾಕ್ಸ್ ಬ್ರೌಸರಿನವರು ಮಾಡಿದ ಫೈರ್‌ಫಾಕ್ಸ್ ಓಎಸ್ ಫೋನನ್ನು 1,999 ರೂಪಾಯಿಗೆ ತಂದಿತ್ತು. ಎಲ್ಲ ಆ್ಯಪ್ಪೂ ವೆಬ್ ಆ್ಯಪ್ಪೇ. ಪುಣ್ಯಾತ್ಮರು ರ‍್ಯಾಮ್ ಕೊಟ್ಟದ್ದು 128 ಎಂಬಿ. ಅದು ಓಡಲಿಲ್ಲ. ಅದೇ ವಂಶದ ಕೈಓಎಸ್ 2017ರಲ್ಲಿ ಜಿಯೋಫೋನ್ ಒಳಗೆ ಕೂತು ಬಂತು, ಕೊಂಡವರಿಗೆ ಅದು ವೆಬ್ ಅಂತ ಗೊತ್ತೂ ಇರಲಿಲ್ಲ. ಗೊತ್ತಿರಬೇಕಾಗಿಯೂ ಇಲ್ಲ, ಅಲ್ವಾ?

ರಾಜ್ಯೋತ್ಸವದ ವೇದಿಕೆ, ಕನ್ನಡದ ವಿಷಯ ಬಿಟ್ಟರೆ ಬೈಯುತ್ತೀರಿ. ನಿಮ್ಮ ಸೈಟಲ್ಲಿ ಭಾಷೆ ಬದಲಾಯಿಸುವ ಬಟನ್ ಇದ್ದರೆ ಈಗಲೇ ಒತ್ತಿ ನೋಡಿ. ಇಂಗ್ಲಿಷಿಗೆ ಅಂತ ಅಳೆದು ಇಟ್ಟ ಬಟನ್ ಎತ್ತರದಲ್ಲಿ ಕನ್ನಡದ ಒತ್ತಕ್ಷರ ಕೆಳಗೆ ಕತ್ತರಿಸಿ ಹೋಗಿರುತ್ತದೆ. "ಮುಖ್ಯ ವೈದ್ಯರು" ಅನ್ನೋದರ ಯ ಒತ್ತು ಅರ್ಧ ಮಾಯ. ಸಾಲಿನ ಎತ್ತರ, ಅಂದರೆ ಲೈನ್ ಹೈಟ್, 1.2 ಇದ್ದದ್ದನ್ನು 1.6 ಮಾಡಿ, ಎತ್ತರವನ್ನು ಪಿಕ್ಸೆಲಲ್ಲಿ ಕಟ್ಟಿಹಾಕಬೇಡಿ, ಅಷ್ಟು ಸಾಕು. ಫಾಂಟ್ ಇನ್ನೊಂದು. ನಮ್ಮ ಲಿಪಿಗೆ ಒತ್ತು, ಗುಣಿತ ಎಲ್ಲ ಸೇರಿ ಅಕ್ಷರರೂಪಗಳು ಜಾಸ್ತಿ, ಹಾಗಾಗಿ ವೆಬ್ ಫಾಂಟ್ ತೂಕ. ತೂಕ ಇಳಿಸಲು ಹೋಗಿ ಒತ್ತಕ್ಷರ ಕೂಡಿಸುವ ನಿಯಮಗಳನ್ನೇ ಕತ್ತರಿಸಿಬಿಟ್ಟರೆ ಪುಟದ ತುಂಬ ಅರ್ಕಾವೊತ್ತು ಇಲ್ಲದ ಬಿಡಿಬಿಡಿ ಅಕ್ಷರ. ಆಂಡ್ರಾಯ್ಡಲ್ಲೂ ಐಫೋನಲ್ಲೂ ಕನ್ನಡ ಫಾಂಟ್ ಮೊದಲೇ ಇರುತ್ತದೆ, ಪಠ್ಯಕ್ಕೆ ಅದನ್ನೇ ಬಳಸಿ. ಮ್ಯಾನಿಫೆಸ್ಟಲ್ಲಿ ಕಿರುಹೆಸರು ನಿಜಕ್ಕೂ ಕಿರಿದಾಗಿರಲಿ. "ರಕ್ತಪರೀಕ್ಷಾ ವರದಿ ಸೇವೆ" ಅಂತ ಕೊಟ್ಟರೆ ಐಕಾನ್ ಕೆಳಗೆ "ರಕ್ತಪ" ಅಂತ ನಿಂತಿರುತ್ತದೆ. ಚಿಕ್ಕಮ್ಮ ಹೆದರಿ ಮುಟ್ಟುವುದೇ ಇಲ್ಲ.

ಚೀಟಿ ಬಂತು. ಹತ್ತು ನಿಮಿಷ ಅಂತ ಬರೆದು ಹೊಡೆದು ಹಾಕಿ ಐದು ಮಾಡಿದ್ದಾರೆ. ಅಡುಗೆಯವರು ರೆಡಿ ಅಂತ ಕಾಣುತ್ತದೆ. ಉಳಿದ ಸ್ಲೈಡುಗಳನ್ನು ಓಡಿಸುತ್ತೇನೆ.

ಪುಶ್. ಪುಟ ತೆರೆದ ಕೂಡಲೇ ಅನುಮತಿ ಕೇಳಬೇಡಿ. ರಿಪೋರ್ಟ್ ಇನ್ನೂ ಬಂದಿಲ್ಲ ಅಂದಾಗ, "ಬಂದಾಗ ತಿಳಿಸಲಾ?" ಅಂತ ಕೇಳಿ. ಆಗ ಜನ ಕೊಡುತ್ತಾರೆ.

ದುಡ್ಡು. ಪ್ಲೇ ಸ್ಟೋರಿಗೆ ಒಂದೇ ಸಲ 25 ಡಾಲರ್, ಆ್ಯಪಲ್‌ಗೆ ಪ್ರತಿ ವರ್ಷ 99. ಸಣ್ಣ ಅಂಗಡಿಗೆ ಇದು ಲೆಕ್ಕಕ್ಕೆ ಬರುತ್ತದೆ. ಬಾಸ್‌ಗೆ ಪ್ಲೇ ಸ್ಟೋರಲ್ಲಿ ಹೆಸರು ಕಾಣಲೇಬೇಕು ಅಂದರೆ ಜಗಳ ಆಡಬೇಡಿ, ಬಬಲ್‌ರ‍್ಯಾಪ್ ಅನ್ನೋ ಟೂಲ್ ಬಳಸಿ ಅದೇ ವೆಬ್ ಆ್ಯಪನ್ನು ಸುತ್ತಿ ಅಲ್ಲಿಗೂ ಹಾಕಿ. ಇದು 2019ರಿಂದ ಆಗುತ್ತದೆ.

ಲೈಟ್‌ಹೌಸ್. ಸೈಟುಗಳನ್ನು ಪರೀಕ್ಷಿಸಿ ಅಂಕ ಕೊಡುವ ಗೂಗಲ್ ಟೂಲು. 2024ರಲ್ಲಿ ಅದರಿಂದ ಪಿಡಬ್ಲ್ಯುಎ ವಿಭಾಗವನ್ನೇ ತೆಗೆದರು. ಪಿಡಬ್ಲ್ಯುಎ ಸತ್ತಿತು ಅಂತ ಆಗ ಕೆಲವರು ಬರೆದರು. ನನಗೆ ಹಾಗೆ ಅನ್ನಿಸಲ್ಲ. ಅಂಕ ಕೊಡುವುದು ನಿಂತಿತು, ಕೆಲಸ ನಿಂತಿಲ್ಲ. ಈಗ ಐಒಎಸ್ 26ರಲ್ಲಿ ಹೋಮ್ ಸ್ಕ್ರೀನಿಗೆ ಹಾಕಿದ ಯಾವುದೇ ಸೈಟು, ಬೇಡ ಅಂತ ನೀವೇ ಆರಿಸದಿದ್ದರೆ, ವೆಬ್ ಆ್ಯಪ್ ಆಗಿಯೇ ತೆರೆಯುತ್ತದೆ.

ನಿಜವಾದ ಪೈಪೋಟಿ ಸ್ಟೋರಿಂದ ಹಾಕಿಕೊಳ್ಳುವ ನೇಟಿವ್ ಆ್ಯಪ್ ಅಲ್ಲ, ವಾಟ್ಸಾಪ್. ನಮ್ಮ ಮೆಟ್ರೋ 2022ರ ನವೆಂಬರಲ್ಲೇ ವಾಟ್ಸಾಪಲ್ಲಿ ಟಿಕೆಟ್ ಕೊಡಲು ಶುರು ಮಾಡಿತು. ಒಂದು ಹಾಯ್ ಕಳಿಸಿದರೆ ಆಯಿತು. ಜನರಿಗೆ ಇನ್ನೊಂದು ಆ್ಯಪ್ ಬೇಡ ಅನ್ನೋದಕ್ಕೆ ಇನ್ಯಾವ ಸಾಕ್ಷಿ ಬೇಕು? ಆದರೆ ಅದು ಬೇರೆಯವರ ಮನೆ, ಅವರು ನಿಯಮ ಬದಲಾಯಿಸಿದರೆ ನಾವು ಕೈಕಟ್ಟಿ ನಿಲ್ಲಬೇಕು. ಲಿಂಕು ನಮ್ಮದು. ಅದಕ್ಕೇ ಮತ್ತೆ ಮತ್ತೆ ಲಿಂಕ್ ಕೊಡಿ ಅಂತ ಬಡಿದುಕೊಳ್ಳುತ್ತಿದ್ದೇನೆ.

ಆ್ಯಪ್ ಬೇಡವೇ ಬೇಡ ಅಂತ ನಾನು ಹೇಳಿಲ್ಲ, ಅದನ್ನು ಹೊರಗೆ ಹೋಗಿ ಹಬ್ಬಿಸಬೇಡಿ. ಕ್ಯಾಬ್ ಡ್ರೈವರ್ ಫೋನಲ್ಲಿ ಪರದೆ ಆರಿದ ಮೇಲೂ ಲೊಕೇಶನ್ ಹೋಗುತ್ತಿರಬೇಕು, ಅದಕ್ಕೆ ನೇಟಿವ್ ಬೇಕು. ದೊಡ್ಡ ಗೇಮ್, ಅದಕ್ಕೂ ಬೇಕು. ಲ್ಯಾಬ್ ರಿಪೋರ್ಟು, ಹೋಟೆಲ್ ಮೆನು, ಪಾರ್ಕಿಂಗ್ ಚೀಟಿ, ಅಪಾರ್ಟ್‌ಮೆಂಟ್ ಗೇಟಿನ ಎಂಟ್ರಿ, ಕ್ಲಿನಿಕ್ಕಿನ ಟೋಕನ್, ಇದಕ್ಕೆಲ್ಲ ಬೇಡ. ನಾಳೆ ಆಫೀಸಿಗೆ ಬಂದಾಗ ನಿಮ್ಮ ಮ್ಯಾಕ್‌ಬುಕ್ ಪಕ್ಕಕ್ಕಿಟ್ಟು, ನಿಮ್ಮದೇ ಸೈಟನ್ನು ಎಂಟು ಸಾವಿರದ ಫೋನಲ್ಲಿ, ಲಿಫ್ಟ್ ಒಳಗೆ ನಿಂತು ತೆರೆದು ನೋಡಿ. ಬೇಸ್‌ಮೆಂಟಿಗೆ ಹೋಗುವ ಲಿಫ್ಟ್ ಆದರೆ ಇನ್ನೂ ಒಳ್ಳೆಯದು.

ಪ್ರಶ್ನೆಗಳಿಗೆ ಐದು ನಿಮಿಷ ಉಳಿಸಿದ್ದೇನೆ, ಅಂದರೆ ಮೂರು. ಐಫೋನ್ ಎತ್ತಿದ್ದ ಸಾರ್, ನೀವೇ ಮೊದಲು. ಸಫಾರಿಯಲ್ಲಿ ವೆಬ್ ಬ್ಲೂಟೂತ್, ಅಂದರೆ ವೆಬ್ ಪುಟದಿಂದಲೇ ಬ್ಲೂಟೂತ್ ಸಾಧನದ ಜೊತೆ ಮಾತಾಡುವ ಸೌಲಭ್ಯ, ಇದೆಯಾ ಅಂತ ಕೇಳುವುದಾದರೆ ಇಲ್ಲ. ಬೇರೆ ಏನಾದರೂ ಇದ್ದರೆ ಮೈಕ್ ತೆಗೆದುಕೊಳ್ಳಿ.