ಎಡಗೈ ಹೆಬ್ಬೆರಳಿನ ಕಿತಾಪತಿ

ಬೆಳಿಗ್ಗೆ ಆರೂಕಾಲು. ಮೈಸೂರಿನಲ್ಲಿ ನಮ್ಮ ಬಡಾವಣೆಯ ಬಾಸ್ಕೆಟ್‌ಬಾಲ್ ಕೋರ್ಟ್. ಸಿಮೆಂಟ್ ನೆಲ, ರಿಂಗ್‌ಗೆ ಬಲೆ ಇಲ್ಲ. ಚೆಂಡು ಒಳಗೆ ಹೋಯಿತೋ ಇಲ್ಲವೋ ಎಂದು ಜಗಳವಾಡುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗಲಾರದು. ಈ ವಿಡಿಯೊದಲ್ಲಿ ಹಿಂದೆ ಕೇಳಿಸುತ್ತಿರುವುದು ಹಾಲಿನ ವ್ಯಾನ್. ಆ ಸದ್ದನ್ನು ಅಳಿಸುವ ವಿದ್ಯೆ ನನಗೆ ಇನ್ನೂ ಒಲಿದಿಲ್ಲ.

ನೀಲಿ ಟೀ ಶರ್ಟಿನ ಆ ಮನುಷ್ಯ ನಾನೇ. ಫ್ರೀ ಥ್ರೋ ಗೆರೆಯ (ಎದುರಾಳಿ ಫೌಲ್ ಮಾಡಿದಾಗ ಅಡ್ಡಿಯಿಲ್ಲದೆ ಚೆಂಡು ಎಸೆಯುವ ಗೆರೆ) ಬಳಿಯಿಂದ 20 ಸಲ ಜಿಗಿದು ಹೊಡೆದೆ, ಬಿದ್ದದ್ದು 5. ಬಿದ್ದವು ಹಾಗಿರಲಿ, ಬೀಳದ 15ನ್ನು ನೋಡಿ. ಅವುಗಳಲ್ಲಿ 11 ರಿಂಗ್‌ನ ಬಲಕ್ಕೇ ಬಡಿದಿವೆ. ಕಾಲೇಜಿನಲ್ಲೂ ನನ್ನದು ಇದೇ ಕಥೆ. ಆಗ ಬೋರ್ಡ್ ವಾಲಿದೆ ಎನ್ನುತ್ತಿದ್ದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಗುಟ್ಟು ರಟ್ಟು ಮಾಡಿದ್ದು ಪಕ್ಕದ ಬೀದಿಯ, ಎಂಟನೇ ತರಗತಿಯ ಹುಡುಗಿ. ಎರಡು ದಿನ ಸುಮ್ಮನೆ ನೋಡಿ ಮೂರನೇ ದಿನ ಹೇಳಿದಳು: "ಅಂಕಲ್, ನಿಮ್ಮ ಎಡಗೈ ಹೆಬ್ಬೆರಳು ಚೆಂಡನ್ನು ತಳ್ಳುತ್ತಿದೆ."

ನಾನು ನಂಬಲಿಲ್ಲ. ಮೊಬೈಲನ್ನು ನೀರಿನ ಬಾಟಲಿಗೆ ಒರಗಿಸಿ ನಿಧಾನ ಗತಿಯಲ್ಲಿ ಚಿತ್ರೀಕರಿಸಿದೆ. ಇಗೋ, ಇಲ್ಲಿ ನಿಲ್ಲಿಸುತ್ತೇನೆ. ಬಲಗೈ ಮೇಲೇರುತ್ತಿದೆ, ಮೊಣಕೈ ಚೆಂಡಿನ ಕೆಳಗೇ ಇದೆ, ಎಲ್ಲ ಸರಿ. ಈಗ ಎಡಗೈ ನೋಡಿ. ಚೆಂಡು ಬಿಡುವ ಹೊತ್ತಿಗೆ ಅದು ಸುಮ್ಮನೆ ಸರಿದುಕೊಳ್ಳಬೇಕಿತ್ತು. ಆದರೆ ಆ ಹೆಬ್ಬೆರಳು ಕೇರಂ ಕಾಯಿ ಹೊಡೆದಂತೆ ಚೆಂಡನ್ನು ಪಕ್ಕದಿಂದ ಚಿಮ್ಮಿಸುತ್ತಿದೆ. ಹೀಗಾದರೆ ಅದು ಬಲಕ್ಕಲ್ಲದೆ ಇನ್ನೆಲ್ಲಿಗೆ ಹೋದೀತು!

ಎಡಗೈಯ ಕೆಲಸ ಚೆಂಡು ಬೀಳದಂತೆ ಪಕ್ಕದಲ್ಲಿ ಆನಿಕೆಯಾಗಿರುವುದು, ಅಷ್ಟೇ. ಹೊಡೆಯುವುದು ಬಲಗೈ. ಚೆಂಡು ಕೂರಬೇಕಾದದ್ದು ಬೆರಳುಗಳ ಮೇಲೆ, ಅಂಗೈ ನಡುವೆ ಸ್ವಲ್ಪ ಗಾಳಿಯಾಡಬೇಕು. ಕೊನೆಗೆ ಮಣಿಕಟ್ಟು ಮುಂದಕ್ಕೆ ಬಾಗಿ, ಅಟ್ಟದ ಮೇಲಿನ ಉಪ್ಪಿನಕಾಯಿ ಜಾಡಿಗೆ ಕೈ ಇಳಿಬಿಟ್ಟಂತೆ ನಿಲ್ಲಬೇಕು. ಚೆಂಡಿಗೆ ಹಿಮ್ಮುಖ ತಿರುಗು ಸಿಗುವುದು ಅಲ್ಲಿಂದ. ಆ ತಿರುಗು ಇದ್ದರೆ ರಿಂಗ್‌ಗೆ ತಗುಲಿದ ಚೆಂಡೂ ಕೆಲವೊಮ್ಮೆ ಮೆತ್ತಗಾಗಿ ಒಳಗೆ ಜಾರುತ್ತದೆ. ಪಾದಗಳ ನಡುವೆ ಹೆಗಲಗಲದ ಅಂತರ, ಬಲಪಾದ ತುಸು ಮುಂದೆ. ಇದನ್ನು ಎಲ್ಲರೂ ಹೇಳುತ್ತಾರೆ, ನಾನು ಮುಂದೆ ಹೋಗುತ್ತೇನೆ.

ನನಗೆ ತಲೆಕೆಟ್ಟದ್ದು ಚೆಂಡು ಇಳಿಯುವ ಕೋನದ ವಿಷಯದಲ್ಲಿ. ರಿಂಗ್‌ನ ಅಗಲ 18 ಅಂಗುಲ, ಗಂಡಸರು ಆಡುವ ಚೆಂಡಿನ ಅಗಲ ಸುಮಾರು ಒಂಬತ್ತೂವರೆ. ಹೆಚ್ಚುಕಡಿಮೆ ಎರಡು ಚೆಂಡಿನಷ್ಟು ಅಗಲದ ಜಾಗ ಎಂದುಕೊಳ್ಳುತ್ತೇವೆ. ನೇರ ಮೇಲಿನಿಂದ ಬಿದ್ದರೆ ಅದು ಸರಿ. ನೆಲಕ್ಕೆ 45 ಡಿಗ್ರಿ ಕೋನದಲ್ಲಿ ಇಳಿದರೆ ಚೆಂಡಿನ ಪಾಲಿಗೆ ಆ ಬಾಯಿ ಹದಿಮೂರು ಅಂಗುಲಕ್ಕಿಂತ ತುಸು ಕಡಿಮೆ. 30 ಡಿಗ್ರಿಯಲ್ಲಾದರೆ ಬರೀ 9. ಚೆಂಡೇ ಅದಕ್ಕಿಂತ ದೊಡ್ಡದು, ರಿಂಗ್‌ಗೆ ತಗುಲದೆ ಒಳಗೆ ಹೋಗುವ ಮಾತೇ ಇಲ್ಲ. ನಾನು ಇಷ್ಟು ವರ್ಷ ಕಲ್ಲು ಬೀಸಿದಂತೆ ಚಪ್ಪಟೆಯಾಗಿ ಎಸೆಯುತ್ತಿದ್ದೆ.

ಹಾಗಾದರೆ ಜಿಗಿತ ಏಕೆ? ಜಂಪ್ ಶಾಟ್, ಅಂದರೆ ಜಿಗಿದು ಗಾಳಿಯಲ್ಲಿರುವಾಗಲೇ ಚೆಂಡು ಎಸೆಯುವುದನ್ನು ಮೊದಲು ಮಾಡಿದವರು ಯಾರೆಂಬ ವಾದ ಇನ್ನೂ ಮುಗಿದಿಲ್ಲ, ನನಗೆ ಇಷ್ಟವಾದದ್ದು ಆಟಗಾರ ಕೆನ್ನಿ ಸೇಲರ್ಸ್ ಅವರ ಕಥೆ. 1934, ಅಮೆರಿಕದ ವಯೋಮಿಂಗ್‌ನ ಒಂದು ತೋಟ. ಗಾಳಿಯಂತ್ರಕ್ಕೆ ಜಡಿದ ರಿಂಗ್. ಎದುರಿಗೆ ಆರಡಿ ಮೀರಿ ಬೆಳೆದಿದ್ದ ಅಣ್ಣ ಬಡ್. 13 ವರ್ಷದ ತಮ್ಮನ ಚೆಂಡು ಅಣ್ಣನ ಕೈ ದಾಟಿದರೆ ತಾನೇ! ಹುಡುಗ ಜಿಗಿದು ಮೇಲಿನಿಂದ ಎಸೆದ. 1943ರಲ್ಲಿ ಅದೇ ಸೇಲರ್ಸ್ ವಯೋಮಿಂಗ್ ವಿಶ್ವವಿದ್ಯಾಲಯದ ತಂಡವನ್ನು ಅಮೆರಿಕದ ಕಾಲೇಜು ಚಾಂಪಿಯನ್ ಪಟ್ಟಕ್ಕೆ ಏರಿಸಿದರು.

ಅಂದರೆ ಜಿಗಿಯುವುದು ಅಣ್ಣನ ಕೈ ದಾಟಿಸಲು. ಎದುರಿಗೆ ಯಾರೂ ಇಲ್ಲದ ಈ ಕೋರ್ಟಿನಲ್ಲಿ ನಾನು ಕಪ್ಪೆಯಂತೆ ಏಕೆ ಕುಪ್ಪಳಿಸುತ್ತಿದ್ದೆನೋ! ಹದವಾಗಿ ನೇರ ಮೇಲಕ್ಕೆ ಹಾರಿ, ತುದಿ ತಲುಪುವ ತುಸು ಮುಂಚೆಯೇ ಚೆಂಡು ಬಿಟ್ಟರೆ ಕಾಲಿನ ಬಲ ವ್ಯರ್ಥವಾಗುವುದಿಲ್ಲ. ಗಾಳಿಯಲ್ಲಿ ತಡಮಾಡಿದರೆ ಉಳಿಯುವುದು ತೋಳಿನ ಬಲ ಮಾತ್ರ.

ಈಗಿನದು ಹತ್ತು ದಿನಗಳ ನಂತರದ ದೃಶ್ಯ. ರಿಂಗ್‌ನಿಂದ ನಾಲ್ಕಡಿ ದೂರ, ಎಡಗೈ ಬೆನ್ನ ಹಿಂದೆ. ಬಲಗೈ ಒಂದರಿಂದಲೇ ದಿನಕ್ಕೆ 50 ಸಲ, ಜಿಗಿತವಿಲ್ಲದೆ. ನೋಡುವವರಿಗೆ ಬೇಸರ, ಆದ್ದರಿಂದ ವೇಗವಾಗಿ ಓಡಿಸುತ್ತಿದ್ದೇನೆ. ಆಮೇಲೆ ಎಡಗೈಯನ್ನು ಚೆಂಡಿನ ಪಕ್ಕಕ್ಕೆ ತಂದೆ, ಹೆಬ್ಬೆರಳನ್ನು ತೋರುಬೆರಳಿಗೆ ರಬ್ಬರ್ ಬ್ಯಾಂಡ್‌ನಿಂದ ಕಟ್ಟಿ.

ಇವತ್ತಿನ ಲೆಕ್ಕ: 20ರಲ್ಲಿ 9. ಬಲಕ್ಕೆ ಹೋದವು ಎರಡೇ. ಉಳಿದವು ರಿಂಗ್‌ವರೆಗೂ ತಲುಪದೆ ಮುಂದೆಯೇ ಬಿದ್ದಿವೆ. ಹುಡುಗಿ ಶಾಲೆಯ ಬ್ಯಾಗ್ ಹೆಗಲಿಗೇರಿಸಿ, ಸೈಕಲ್ ಹತ್ತುತ್ತಾ ಕೂಗಿದ್ದು ನಿಮಗೂ ಕೇಳಿಸಿರಬೇಕು: "ಅಂಕಲ್, ಮಂಡಿ ಬಗ್ಗಿಸಿ!"