ಎಲ್ ಅಲಿಯ ಬಂಡೆ, ಬಾಬಾಬುಡನ್‌ಗಿರಿಯ ಹೆಸರು

ಕೇಳುಗರಿಗೆ ನಮಸ್ಕಾರ.

ಆಫ್ರಿಕಾದ ಸೊಮಾಲಿಯದಲ್ಲಿ ಎಲ್ ಅಲಿ ಎಂಬ ಊರಿದೆ. ಅದರ ಹತ್ತಿರ 15 ಟನ್ನಿಗೂ ಮಿಕ್ಕಿದ ಒಂದು ಕಬ್ಬಿಣದ ಬಂಡೆ ಬಿದ್ದುಕೊಂಡಿತ್ತು. ಅಲ್ಲಿನ ಒಂಟೆ ಕಾಯುವವರಿಗೆ ಅದು ತಲೆಮಾರುಗಳಿಂದ ಗೊತ್ತಿದ್ದದ್ದೇ, ಅದರ ಮೇಲೆ ಹಾಡು, ಕಥೆಗಳೂ ಇದ್ದವು. 2020ರಲ್ಲಿ ಅದು ಉಲ್ಕಾಶಿಲೆ ಎಂದು ಹೊರಜಗತ್ತಿಗೆ ತಿಳಿಯಿತು. ಅದರಿಂದ ಕೊಯ್ದ 70 ಗ್ರಾಂ ತೂಕದ ಒಂದು ಚೂರು ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಕ್ರಿಸ್ ಹರ್ಡ್ ಅವರ ಕೈಸೇರಿತು. ಅವರಿಗಿದ್ದ ಕೆಲಸ ಇದು ಯಾವ ಜಾತಿಯ ಉಲ್ಕೆ ಎಂದು ವಿಂಗಡಿಸುವುದು, ಅಷ್ಟೆ. ಹೊಸ ಖನಿಜ ಹುಡುಕಲು ಯಾರೂ ಹೊರಟಿರಲಿಲ್ಲ.

ಆ ಚೂರನ್ನು ಕನ್ನಡಿಯಂತೆ ನಯಮಾಡಿ ಮೈಕ್ರೊಪ್ರೋಬ್ ಎಂಬ ಯಂತ್ರದೊಳಗೆ ಇಟ್ಟರು. ಈ ಯಂತ್ರ ಎಲೆಕ್ಟ್ರಾನುಗಳ ಸಣ್ಣ ಧಾರೆಯೊಂದನ್ನು ಕಲ್ಲಿನ ಮೇಲೆ ಬಿಡುತ್ತದೆ. ಆಗ ಕಲ್ಲಿನಲ್ಲಿರುವ ಒಂದೊಂದು ಧಾತುವೂ ತನ್ನದೇ ಎಕ್ಸ್‌ರೇ ಸೂಸುತ್ತದೆ. ಅದನ್ನು ಅಳೆದರೆ ಕೂದಲೆಳೆಗಿಂತ ಚಿಕ್ಕ ಕಣದಲ್ಲೂ ಯಾವ ಧಾತು ಎಷ್ಟಿದೆ ಎಂದು ಲೆಕ್ಕ ಸಿಗುತ್ತದೆ. ಪ್ರಯೋಗಾಲಯದ ಮುಖ್ಯಸ್ಥ ಆಂಡ್ರ್ಯೂ ಲೊಕಾಕ್ ಮೊದಲ ದಿನವೇ, ಇಲ್ಲಿ ಕನಿಷ್ಠ ಎರಡು ಹೊಸ ಖನಿಜಗಳಿವೆ ಎಂದುಬಿಟ್ಟರು. ಎರಡರಲ್ಲೂ ಇದ್ದದ್ದು ಕಬ್ಬಿಣ, ರಂಜಕ, ಆಮ್ಲಜನಕ; ಪ್ರಮಾಣ ಮಾತ್ರ ಬೇರೆ.

ಒಂದೇ ದಿನದಲ್ಲಿ ಇದು ಹೇಗೆ ಸಾಧ್ಯವಾಯಿತು? ಸಾಮಾನ್ಯವಾಗಿ ರಾಸಾಯನಿಕ ಲೆಕ್ಕವೊಂದೇ ಸಾಲದು. ಪೆನ್ಸಿಲಿನ ಗ್ರಾಫೈಟ್ ಬರೀ ಇಂಗಾಲ, ವಜ್ರವೂ ಬರೀ ಇಂಗಾಲ. ಪರಮಾಣುಗಳು ಜೋಡಿಸಿಕೊಂಡ ಬಗೆ ಬೇರೆ, ಆದ್ದರಿಂದ ಖನಿಜವೂ ಬೇರೆ. ಆ ಜೋಡಣೆಯನ್ನು, ಅಂದರೆ ಹರಳಿನ ರಚನೆಯನ್ನು, ತೋರಿಸದೆ ಹೊಸದೆಂದು ಸಾಧಿಸಲಾಗದು. ಎಷ್ಟೋ ಸಲ ವರ್ಷಗಳು ಹಿಡಿಯುವುದು ಇಲ್ಲೇ. ಎಲ್ ಅಲಿಯ ವಿಷಯದಲ್ಲಿ ಅದೃಷ್ಟ ಒಲಿದಿತ್ತು. 1980ರ ದಶಕದಲ್ಲಿ ಫ್ರಾನ್ಸಿನ ಪ್ರಯೋಗಾಲಯವೊಂದರಲ್ಲಿ ಇವೇ ಎರಡು ವಸ್ತುಗಳನ್ನು ಕೃತಕವಾಗಿ ತಯಾರಿಸಿ ವಿವರ ಬರೆದಿಟ್ಟಿದ್ದರು. ಲೊಕಾಕ್ ಅದಕ್ಕೆ ತಾಳೆ ನೋಡಿದರು. ಕುಲುಮೆಯಲ್ಲಿ ಹುಟ್ಟಿದ್ದಕ್ಕೆ ಖನಿಜವೆಂಬ ಮಾನ್ಯತೆ ಇಲ್ಲ, ನಿಸರ್ಗದಲ್ಲಿ ಸಿಗಬೇಕು. ಈಗ ಸಿಕ್ಕಿತ್ತು.

ಇಷ್ಟಾದರೂ ಕಂಡವರು ತಾವೇ ನಾಮಕರಣ ಮಾಡಿ ಮುಗಿಸುವಂತಿಲ್ಲ. ಅಂತರರಾಷ್ಟ್ರೀಯ ಖನಿಜವಿಜ್ಞಾನ ಸಂಘದ ಆಯೋಗವೊಂದು 1959ರಿಂದ ಈ ಕಾವಲು ಕಾಯುತ್ತಿದೆ. ರಾಸಾಯನಿಕ ಲೆಕ್ಕ, ಹರಳಿನ ರಚನೆ, ಗಡಸುತನ, ಬಣ್ಣ, ಸಿಕ್ಕ ಜಾಗ, ಎಲ್ಲವನ್ನೂ ಬರೆದು ಕಳಿಸಬೇಕು. ಬೇರೆ ಬೇರೆ ದೇಶಗಳ ಸದಸ್ಯರು ಮತ ಹಾಕುತ್ತಾರೆ, ಮೂರರಲ್ಲಿ ಎರಡು ಪಾಲು ಒಪ್ಪಿಗೆ ಬೇಕು. ಕಂಡುಹಿಡಿದವರು ತಮ್ಮ ಹೆಸರನ್ನೇ ಇಟ್ಟುಕೊಳ್ಳುವಂತಿಲ್ಲ. ಈ ನಿಯಮ ನನಗೆ ಬಹಳ ಹಿಡಿಸುತ್ತದೆ. 2022ರಲ್ಲಿ ಒಂದು ಖನಿಜ ಊರಿನ ಹೆಸರಿನಿಂದ ಎಲಾಲಿಐಟ್ ಆಯಿತು. ಇನ್ನೊಂದು, ಸೈಕಿ ಎಂಬ ಲೋಹದ ಕ್ಷುದ್ರಗ್ರಹಕ್ಕೆ ನೌಕೆ ಕಳಿಸುವ ಯೋಜನೆಯ ಮುಖ್ಯ ವಿಜ್ಞಾನಿ ಲಿಂಡಿ ಎಲ್ಕಿನ್ಸ್-ಟ್ಯಾಂಟನ್ ಅವರ ಹೆಸರಿನಿಂದ ಎಲ್ಕಿನ್‌ಸ್ಟ್ಯಾಂಟನೈಟ್ ಆಯಿತು. ನಾಲಿಗೆ ತೊಡರಿದರೆ ಕ್ಷಮಿಸಿ.

ಈ ಕಾವಲು ಇಲ್ಲದ ಕಾಲದ್ದೊಂದು ಪ್ರಸಂಗ ನಮ್ಮಲ್ಲೇ ಇದೆ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಸ್ಮೀತ್ ಅವರು ಬಾಬಾಬುಡನ್‌ಗಿರಿಯ ಕಬ್ಬಿಣದ ಶಿಲೆಗಳಲ್ಲಿ ಕಂಡ, ಆಂಫಿಬೋಲ್ ಎಂಬ ಗುಂಪಿಗೆ ಸೇರಿದ ಒಂದು ಖನಿಜಕ್ಕೆ 1908ರಲ್ಲಿ ಬಾಬಾಬುಡನೈಟ್ ಎಂದು ಹೆಸರಿಟ್ಟರು. ಮುಂದೆ ಭದ್ರಾವತಿಯ ಕುಲುಮೆಗೆ ಕೆಮ್ಮಣ್ಣುಗುಂಡಿಯಿಂದ ಅದಿರು ಹೋದದ್ದು ಇದೇ ಬೆಟ್ಟಸಾಲಿನಿಂದ. ಆದರೆ ಆಂಫಿಬೋಲುಗಳದ್ದು ದೊಡ್ಡ ಸಂಸಾರ. ಕಬ್ಬಿಣ ಇದ್ದಲ್ಲಿ ಮೆಗ್ನೀಷಿಯಂ ಬಂದು ಕೂರುತ್ತದೆ, ಅಲ್ಯೂಮಿನಿಯಂ ಇದ್ದಲ್ಲಿ ಕಬ್ಬಿಣ. ಹೀಗೆ ಸ್ವಲ್ಪ ಸ್ವಲ್ಪವೇ ಬದಲಾಗುತ್ತ ಹೋಗುವಾಗ ಒಂದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ ಎನ್ನುವುದೇ ತಕರಾರು. 1978ರಲ್ಲಿ ಆ ಸಂಘವೇ ಆಂಫಿಬೋಲುಗಳ ಪಟ್ಟಿಯನ್ನು ಪರಿಷ್ಕರಿಸಿದಾಗ ಬಾಬಾಬುಡನೈಟನ್ನು ಕೈಬಿಟ್ಟರು. ಅದು ಮೆಗ್ನೀಷಿಯೊರೀಬೆಕೈಟ್ ಎಂಬುದರೊಳಗೆ ಸೇರಿಹೋಯಿತು. ಸ್ಮೀತರನ್ನು ದೂರುವುದು ಸರಿಯಲ್ಲ. ಹರಳಿನ ಮೂಲಕ ಎಕ್ಸ್‌ರೇ ಹಾಯಿಸಿ ಒಳರಚನೆ ತಿಳಿಯಬಹುದೆಂದು ಗೊತ್ತಾದದ್ದೇ 1912ರ ನಂತರ. ಅವರ ಕೈಯಲ್ಲಿದ್ದದ್ದು ಸೂಕ್ಷ್ಮದರ್ಶಕ ಮತ್ತು ರಾಸಾಯನಿಕ ವಿಶ್ಲೇಷಣೆ. ಹೊಸ ಖನಿಜದ ವಿವರಣೆಯಲ್ಲಿ ಬಹುಪಾಲು ಕೆಲಸ, ಇದು ಈಗಾಗಲೇ ಗೊತ್ತಿರುವ ಯಾವುದೂ ಅಲ್ಲ ಎಂದು ತೋರಿಸುವುದು. ಅದಕ್ಕೆ ಬೇಕಾದ ಉಪಕರಣ ಅವರ ಕಾಲದಲ್ಲಿ ಇರಲಿಲ್ಲ.

ಇಂಥ ಮರುಪರೀಕ್ಷೆ ಯಾವಾಗ ಬೇಕಾದರೂ ನಡೆಯಬಹುದು. ಅದಕ್ಕೇ ವಿವರಣೆಗೆ ಆಧಾರವಾದ ಮಾದರಿಯನ್ನು ಸಾರ್ವಜನಿಕ ಸಂಗ್ರಹದಲ್ಲಿ ಇಡಬೇಕೆಂಬ ಕಟ್ಟಳೆಯೂ ಇದೆ. ಎಲ್ ಅಲಿಯ ಚೂರು ಆಲ್ಬರ್ಟಾದಲ್ಲಿ ಭದ್ರವಾಗಿದೆ. ಅದೇ ಉಲ್ಕೆಯಲ್ಲಿ ಮೂರನೆಯದೊಂದು ಹೊಸ ಖನಿಜವೂ ಸಿಕ್ಕಿ ಓಲ್ಸೆನೈಟ್ ಎಂಬ ಹೆಸರು ಪಡೆಯಿತು. ದೊಡ್ಡ ಬಂಡೆಯನ್ನು ಮಾತ್ರ ಗಿರಾಕಿ ಹುಡುಕಿಕೊಂಡು ಚೀನಾಕ್ಕೆ ಸಾಗಿಸಲಾಗಿದೆ ಎಂದು 2022ರಲ್ಲಿ ವರದಿಯಾಯಿತು. ಅದರೊಳಗೆ ಇನ್ನೇನಿದೆ ಎಂದು ನೋಡಲು ವಿಜ್ಞಾನಿಗಳು ಇನ್ನು ಅದು ಯಾರ ಕೈಯಲ್ಲಿದೆಯೋ ಅವರ ಅಪ್ಪಣೆ ಕೇಳಬೇಕು.

ನಮಸ್ಕಾರ.